ಹನ್ನೊಂದು ಗೋಡೆ, ಒಂದೇ ಹಾಳೆ

ಅಂಟಣ್ಣನ ನಿಜವಾದ ಹೆಸರು ಸಂಬಳದ ಪಟ್ಟಿ ಬಿಟ್ಟರೆ ಬೇರೆಲ್ಲೂ ಇಲ್ಲ. ನಗರಸಭೆಯ ನೋಟಿಸುಗಳನ್ನು ಊರಿನ ಗೋಡೆಗಳಿಗೆ ಅಂಟಿಸುವುದು ಅವನ ಕೆಲಸ, ಹಾಗಾಗಿ ಅಂಟಣ್ಣ. ಮೂವತ್ತೊಂದು ವರ್ಷದಿಂದ ಅದೇ ಕೆಲಸ, ಅದೇ ಹೆಸರು. ನಾನು ಅದೇ ಕಚೇರಿಯ ಟೈಪಿಸ್ಟ್. ನೋಟಿಸು ಹುಟ್ಟುವುದು ನನ್ನ ಮೇಜಿನ ಮೇಲೆ, ಗೋಡೆ ಸೇರುವುದು ಅವನ ಕೈಯಿಂದ. ನಡುವೆ ಸಹಿ ಹಾಕುವವರು ಬೇಕಾದಷ್ಟು ಜನ ಇದ್ದಾರೆ. ಕೆಲಸ ಅಂತ ಮಾಡುವವರು ನಾವಿಬ್ಬರೇ ಎಂದು ನಾನು ಹೇಳಿದಾಗಲೆಲ್ಲ ಹೆಡ್‌ಕ್ಲಾರ್ಕ್ ಮುಖ ಗಂಟಿಕ್ಕಿಕೊಳ್ಳುತ್ತಾರೆ.

ಇವತ್ತೇ ಅವನ ವಿಷಯ ಬರೆಯಲು ಕೂತಿದ್ದಕ್ಕೆ ಕಾರಣವಿದೆ. ಕಾಲುವೆಯ ಮೇಲಿನ ಹಳೆಯ ಕಾಲುಸೇತುವೆಯನ್ನು ಕೆಡವಬಾರದು ಎನ್ನುವವರು ಬರೆದುಕೊಡಲು ಇವತ್ತು ಕೊನೆಯ ದಿನ. ಅರ್ಜಿ ತೆಗೆದುಕೊಳ್ಳುವ ಕಿಟಕಿಯೂ ನನ್ನ ಪಾಲಿಗೇ ಬಂದಿದೆ. ಸಂಜೆ ಐದಕ್ಕೆ ಅದನ್ನು ಮುಚ್ಚಬೇಕು. ಈಗ ಮೂರೂಕಾಲು. ಒಬ್ಬರ ಅರ್ಜಿಗಾಗಿ ಕಾಯುತ್ತಿದ್ದೇನೆ, ಅವರು ಇನ್ನೂ ಬಂದಿಲ್ಲ. ಸುಮ್ಮನೆ ಕೂತರೆ ಕಣ್ಣು ಗಡಿಯಾರದ ಕಡೆಗೇ ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಗರಸಭೆ ಒಂದು ರಸ್ತೆ ಅಗಲ ಮಾಡಬೇಕಾದರೂ, ಒಂದು ಬಸ್ ನಿಲ್ದಾಣ ಎತ್ತಬೇಕಾದರೂ ಮೊದಲು ಜನರನ್ನು ಕೇಳಬೇಕು ಎಂದು ನಿಯಮ. ಕೇಳುವುದು ಅಂದರೆ ಮನೆಮನೆಗೆ ಹೋಗಿ ಬಾಗಿಲು ತಟ್ಟುವುದಲ್ಲ. ಮಾಡಬೇಕೆಂದಿರುವುದನ್ನು ಒಂದು ಹಾಳೆಯಲ್ಲಿ ಬರೆದು, ಆ ಭಾಗದ ಹನ್ನೊಂದು ಗೋಡೆಗೆ ಅಂಟಿಸಿ, ಇಪ್ಪತ್ತೊಂದು ದಿನ ಕಾಯುವುದು. ಅಷ್ಟರಲ್ಲಿ ಯಾರೂ ತಕರಾರು ಬರೆದುಕೊಡದಿದ್ದರೆ ಎಲ್ಲರೂ ಒಪ್ಪಿದ್ದಾರೆ ಎಂದು ಬರೆದುಕೊಳ್ಳುವುದು. ಅಂಟಿಸಿದ್ದಕ್ಕೆ ಸಾಕ್ಷಿಯಾಗಿ ಪ್ರತಿ ಗೋಡೆಯದೂ ಒಂದು ಫೋಟೋ, ಅದರ ಕೆಳಗೆ ಅಂಟಿಸಿದವನ ಸಹಿ. ಊರಿನ ಜನರಿಗೂ ಊರನ್ನು ನಡೆಸುವವರಿಗೂ ನಡುವೆ ಇದ್ದದ್ದು ಅಂಟಣ್ಣನ ಅಂಟಿನ ಬಕೆಟ್ಟು, ಅಷ್ಟೇ.

ಆ ಬಕೆಟ್ಟನ್ನು ನಾನು ಕಣ್ಣಾರೆ ನೋಡಿದ್ದೇನೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವನು ಬೆಳಿಗ್ಗೆ ಎಂಟಕ್ಕೇ ಬಂದು ಕಚೇರಿಯ ಹಿಂದಿನ ಒಲೆಯಲ್ಲಿ ಮೈದಾಹಿಟ್ಟು ಕುದಿಸಿ, ಗಂಟಾಗದ ಹಾಗೆ ಕೋಲಿನಿಂದ ತಿರುವುತ್ತಿದ್ದ. ಅಂಟಿಸುವುದರಲ್ಲಿ ಅವನದು ಎತ್ತಿದ ಕೈ. ಹಾಳೆಯ ಮೇಲಂಚು ಹಿಡಿದು ಗೋಡೆಗೆ ಇಳಿಬಿಟ್ಟು, ಅಂಗೈಯ ಪಕ್ಕದಿಂದ ಒಂದೇ ಸಲ ಸವರಿದರೆ ಒಂದು ಗುಳ್ಳೆಯೂ ಏಳುತ್ತಿರಲಿಲ್ಲ. ಆ ಹಾಳೆಯನ್ನು ಕೀಳಬೇಕಾದರೆ ಗೋಡೆಯ ಸುಣ್ಣವೂ ಜೊತೆಗೆ ಬರುತ್ತಿತ್ತು. ಆದರೆ ಅಂಟಿಸಿದ್ದನ್ನು ಒಂದು ದಿನವೂ ಓದಿದವನಲ್ಲ. ಯಾಕೆ ಅಂತ ಕೇಳಿದ್ದಕ್ಕೆ, "ಟಪಾಲಿನವನು ಎಲ್ಲರ ಕಾಗದ ಒಡೆದು ಓದ್ತಾನಾ ತಂಗೀ" ಅಂದಿದ್ದ.

ಅವನನ್ನು ಈ ಕೆಲಸಕ್ಕೆ ಸೇರಿಸಿದ್ದು ಅವನ ಅಕ್ಕ. ತಂದೆ ತಾಯಿ ಹೋದಾಗ ಅಕ್ಕನಿಗೆ ಹದಿನಾರು, ಇವನಿಗೆ ಎಂಟು. ಕಾಲುವೆಯ ಈಚೆ ದಡದ ಬೀದಿಯಲ್ಲಿ, ಸೇತುವೆಯ ಬಾಯಲ್ಲೇ, ಒಂದು ಗೋಡೆಗೆ ಒರಗಿಸಿ ಇಸ್ತ್ರಿಯ ಮೇಜು ಹಾಕಿದಳು. ಇವನನ್ನು ಮೇಜಿನ ಪಕ್ಕ ಕೂರಿಸಿಕೊಂಡು ಅಕ್ಷರ ಕಲಿಸಿದಳು. ಕೈ ಹಿಡಿದು ಸಹಿ ಹಾಕುವುದನ್ನೂ ಕಲಿಸಿದಳು. ಕೊನೆಯ ಅಕ್ಷರದ ಬಾಲವನ್ನು ಮೇಲಕ್ಕೆಳೆದು ಒಂದು ಸುತ್ತು ಸುತ್ತಿಸಿ ಬಿಡುವುದು ಅವಳದೇ ಚಾಳಿ, ಅವನಿಗೂ ಅಂಟಿಕೊಂಡಿತು. ಇಸ್ತ್ರಿಗೆ ಬಟ್ಟೆ ಕೊಡುತ್ತಿದ್ದ ಒಬ್ಬ ಅಧಿಕಾರಿಯ ಬೆನ್ನು ಬಿದ್ದು, ಆರು ತಿಂಗಳು ಅವರ ತಲೆ ತಿಂದು, ತಮ್ಮನನ್ನು ನಗರಸಭೆಗೆ ಸೇರಿಸಿದಳು. ಅವಳು ಮದುವೆಯಾಗಲಿಲ್ಲ. ಯಾರಾದರೂ ಕೇಳಿದರೆ, "ಇವನೊಬ್ಬನನ್ನ ಸಾಕಿದ್ದೇ ಸಾಕಾಯ್ತು" ಅನ್ನುತ್ತಾಳೆ.

ಅವಳ ಗಿರಾಕಿಗಳೆಲ್ಲ ಕಾಲುವೆಯ ಆಚೆ ದಡದ ಮನೆಗಳವರು. ಬಟ್ಟೆಯ ಗಂಟುಗಳನ್ನು ಒಂದು ಚಿಕ್ಕ ತಳ್ಳುಗಾಡಿಯಲ್ಲಿಟ್ಟು ಸೇತುವೆ ದಾಟಿಸಿ ಕೊಟ್ಟು ಬರುತ್ತಾಳೆ. ಆ ಗಾಡಿಯನ್ನು ಅಂಟಣ್ಣ ಸೇತುವೆಯ ಅಗಲ ಅಳೆದು ಮಾಡಿಸಿದ್ದು. ಎರಡೂ ಕಡೆ ನಾಲ್ಕು ಬೆರಳು ಬಿಟ್ಟು ಸರಿಯಾಗಿ ಹೋಗುತ್ತದೆ. ಸೇತುವೆ ಇಲ್ಲದಿದ್ದರೆ ದೊಡ್ಡ ರಸ್ತೆಯ ಸುತ್ತು ಹೊಡೆಯಬೇಕು, ಒಂದು ಕಡೆಗೇ ಎರಡೂವರೆ ಕಿಲೋಮೀಟರ್. ಅವಳ ಮೊಣಕಾಲಿಗೆ ಈಗ ಎರಡು ಮೆಟ್ಟಿಲೇ ಹೆಚ್ಚು.

ಅವಳ ಕಣ್ಣಿನ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಅರವತ್ತೇಳು ವಯಸ್ಸು, ಕನ್ನಡಕ ಇಲ್ಲ. ನಾನೊಮ್ಮೆ ಬೀದಿಯ ಆಚೆ ಬದಿಯಲ್ಲಿ ನಡೆದು ಹೋಗುತ್ತಿದ್ದಾಗ ಮೇಜಿನ ಹಿಂದಿನಿಂದಲೇ ಕೂಗಿ, "ಮೇಡಂ, ಎಡತೋಳಿನ ಗುಂಡಿ ಬಿದ್ದು ಹೋಗುತ್ತೆ, ದಾರ ಸಡಿಲ ಆಗಿದೆ" ಅಂದಿದ್ದಳು. ನೋಡಿಕೊಂಡರೆ ಹೌದು.

ಅಂಟಣ್ಣನ ಕೆಲಸ ಹಾಳಾಗಿದ್ದು ಹತ್ತು ವರ್ಷದ ಹಿಂದೆ. ಈಗಿನ ಹೆಡ್‌ಕ್ಲಾರ್ಕ್ ಬಂದವರೇ ಕಾಗದದ ಬೀರುವಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಬೆನ್ನ ಹಿಂದೆ ನಾವು ಅವರನ್ನು ಬೀಗದ ಸಾಹೇಬ್ರು ಎನ್ನುತ್ತೇವೆ. ಕೆಟ್ಟವರೇನಲ್ಲ. ಮೇಲಿನವರು ಕಾಗದದ ಖರ್ಚು ಕೇಳಿಯಾರು ಎಂಬ ಭಯದಲ್ಲೇ ಕೂದಲು ಉದುರಿಸಿಕೊಂಡವರು.

"ಎರಡು ಪ್ರತಿ ಸಾಕು. ಒಂದು ಫೈಲಿಗೆ, ಒಂದು ಗೋಡೆಗೆ" ಎಂದರು.

"ಗೋಡೆ ಹನ್ನೊಂದಿವೆ ಸಾರ್" ಎಂದ ಅಂಟಣ್ಣ.

"ಫೋಟೋ ಹನ್ನೊಂದು ಇದ್ರೆ ಆಯ್ತಪ್ಪ. ಗೋಡೆ ಎಣಿಸೋಕೆ ಯಾರು ಬರ್ತಾರೆ?"

ಅಂಟಣ್ಣ ಒಂದು ವಾರ ಗೊಣಗಿದ. ಆಮೇಲೆ ಬಕೆಟ್ಟನ್ನು ಮೂಲೆಗೆ ಬೋರಲು ಹಾಕಿ ಒಂದು ಸುರುಳಿ ಅಂಟುಪಟ್ಟಿ ಕೊಂಡ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು ಹೊರಡುತ್ತಿದ್ದ. ಮೊದಲ ಗೋಡೆಗೆ ಮೆತ್ತಗೆ ಹಚ್ಚಿ, ಫೋಟೋ ಹೊಡೆದು, ಕಿತ್ತು, ಮಡಚಿ, ಮುಂದಿನ ಗೋಡೆಗೆ. ಹೀಗೆ ಹನ್ನೊಂದು. ಕೊನೆಯ ಗೋಡೆ ನಮ್ಮ ಕಚೇರಿಯದೇ, ಸೈಕಲ್ ನಿಲ್ಲಿಸುವ ಕಡೆಯದು. ಹಾಳೆ ಉಳಿಯುತ್ತಿದ್ದದ್ದು ಅಲ್ಲೊಂದೇ ಕಡೆ. ಅದನ್ನು ನೋಡುತ್ತಿದ್ದವರು ಸೈಕಲ್ಲಿನಲ್ಲಿ ಬರುವ ಮೂವರು ಗುಮಾಸ್ತರು.

ಫೋಟೋಗಳನ್ನು ಫೈಲಿಗೆ ಹೊಲಿಯುವವಳು ನಾನು. ಹನ್ನೊಂದರಲ್ಲೂ ಅದೇ ಅಡ್ಡಮಡಿಕೆ, ಅದೇ ಉದ್ದಮಡಿಕೆ. ಬಲಮೂಲೆ ಮೂರನೆಯ ಗೋಡೆಯ ಹೊತ್ತಿಗೆ ಚೂರು ಹರಿದಿರುತ್ತದೆ, ಏಳನೆಯದಕ್ಕೆ ಹರಕು ಬೆರಳುದ್ದ ಆಗಿರುತ್ತದೆ. ಹತ್ತು ವರ್ಷ ಇದನ್ನೆಲ್ಲ ನೋಡಿದ್ದೇನೆ. ನೋಡಿ, ದಾರ ಪೋಣಿಸಿ, ಹೊಲಿದಿದ್ದೇನೆ. ಆದ್ದರಿಂದ ಈ ಕತೆಯಲ್ಲಿ ನಾನು ಕೈ ತೊಳೆದುಕೊಂಡು ದೂರ ನಿಲ್ಲುವ ಹಾಗಿಲ್ಲ.

ಎರಡು ತಿಂಗಳ ಹಿಂದೆ ಆ ನೋಟಿಸು ನನ್ನ ಮೇಜಿಗೆ ಬಂತು. ನಾನೇ ಟೈಪ್ ಮಾಡಿದೆ. "ಕಾಲುವೆ ಬದಿಯ ರಸ್ತೆ ವಿಸ್ತರಣೆಯ ಪ್ರಯುಕ್ತ ಸದರಿ ಭಾಗದಲ್ಲಿನ ಶಿಥಿಲ ಪಾದಚಾರಿ ರಚನೆಯನ್ನು ತೆರವುಗೊಳಿಸಲು ಉದ್ದೇಶಿಸಲಾಗಿದ್ದು" ಎಂದು ಶುರುವಾಗಿ ಹದಿನಾಲ್ಕು ಸಾಲು ಪೂರ್ಣವಿರಾಮವಿಲ್ಲದೆ ಓಡುತ್ತಿತ್ತು. ಸೇತುವೆ ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ನನಗೂ ಹೊಳೆಯಲಿಲ್ಲ, ಅಥವಾ ಹೊಳೆಯುವಷ್ಟು ನಾನು ನಿಲ್ಲಲಿಲ್ಲ. ಅಂಟಣ್ಣ ಹಾಳೆ ಮಡಚಿ ಜೇಬಿಗಿಟ್ಟ. ಅವನ ನಿವೃತ್ತಿಗೆ ಆಗ ಎಂಟು ತಿಂಗಳಿತ್ತು. ಗೋಡೆಗಳ ಪಟ್ಟಿಯಲ್ಲಿ ನಾಲ್ಕನೆಯದು ಅವನ ಅಕ್ಕನ ಇಸ್ತ್ರಿ ಮೇಜಿನ ಹಿಂದಿನ ಗೋಡೆ. ಅವನು ಹೋದಾಗ ಅಕ್ಕ ಆಚೆ ದಡಕ್ಕೆ ಬಟ್ಟೆ ಕೊಡಲು ಹೋಗಿದ್ದಳಂತೆ. ಹಚ್ಚಿ, ಫೋಟೋ ಹೊಡೆದು, ಕಿತ್ತುಕೊಂಡು ಬಂದ.

ಇಪ್ಪತ್ತೊಂದು ದಿನ ಕಳೆಯಿತು. ಕಿಟಕಿಗೆ ಒಂದು ಅರ್ಜಿಯೂ ಬರಲಿಲ್ಲ. ಇಪ್ಪತ್ಮೂರನೆಯ ದಿನ, ಬುಧವಾರ, ಅಂಟಣ್ಣ ನನ್ನ ಮೇಜಿನ ಮುಂದೆ ಬಂದು ನಿಂತ.

"ತಂಗೀ, ಕಾಲುವೆ ಕಡೆ ಫೈಲ್ ಯಾವುದಾದ್ರೂ ಇದೆಯಾ?"

"ಯಾಕೆ?"

"ಬೆಳಿಗ್ಗೆ ಸೇತುವೆ ಕಂಬಕ್ಕೆ ಕೆಂಪು ಬಣ್ಣದಲ್ಲಿ ನಂಬರ್ ಬರೆದು ಹೋಗಿದ್ದಾರಂತೆ. ಒಡೆಯೋದಕ್ಕೆ ಅಂದ್ರಂತೆ. ಅಕ್ಕ ಬಂದು ಕೇಳಿದಳು, ಯಾರನ್ನ ಕೇಳಿ ಒಡೀತಾರೆ, ನೀನು ಅಲ್ಲೇ ಇರೋನು, ನಿನಗೆ ಗೊತ್ತಿಲ್ವಾ ಅಂತ."

ನಾನು ಫೈಲು ತೆಗೆದು ಕೊಟ್ಟೆ. ಅವನು ನಿಂತುಕೊಂಡೇ ಸಾಲಿನ ಕೆಳಗೆ ಬೆರಳಿಟ್ಟು ಓದಿದ. ಮೂವತ್ತೊಂದು ವರ್ಷದಲ್ಲಿ ಅವನು ಓದಿದ ಮೊದಲ ನೋಟಿಸು ಅದು. ಪಾದಚಾರಿ ರಚನೆ ಅಂದರೆ ಏನು ಎಂದು ಕೇಳಿದ, ಹೇಳಿದೆ. ತೆರವು ಅಂದರೆ ಗೊತ್ತು ಎಂದ. ಆಮೇಲೆ ಫೋಟೋಗಳನ್ನು ಒಂದೊಂದಾಗಿ ತಿರುವಿ ನಾಲ್ಕನೆಯದರಲ್ಲಿ ನಿಂತ. ಅಕ್ಕನ ಮೇಜು, ಮೇಜಿನ ಮೇಲೆ ಅರ್ಧ ಮಡಿಸಿದ ಬಿಳಿ ಅಂಗಿ, ಹಿಂದಿನ ಗೋಡೆಯಲ್ಲಿ ಹಾಳೆ, ಕೆಳಗೆ ಅವನ ಸಹಿ.

"ಅವಧಿ ಮುಗಿದಿದೆಯಾ?" ಎಂದ.

"ಸೋಮವಾರವೇ ಮುಗೀತು. ಅದಕ್ಕೆ ಮುಂಚೆ ಗೊತ್ತಾಗಿದ್ರೆ ಏನಾದ್ರೂ ಮಾಡಬಹುದಿತ್ತು."

"ಇನ್ನೇನಿದೆ?"

"ಬರೋ ಸೋಮವಾರ ವಿಚಾರಣೆ. ಯಾರೂ ತಕರಾರು ಕೊಟ್ಟಿಲ್ಲ ಅಂತ ಬರೆದುಕೊಂಡು ಮುಗಿಸ್ತಾರೆ, ಹತ್ತು ನಿಮಿಷದ ಕೆಲಸ."

ಅವನು ಫೈಲು ಮುಚ್ಚಿ, ಒಂದು ಪ್ರತಿ ಕೊಡು ಎಂದ. ಬೀರುವಿನ ಬೀಗಕ್ಕೆ ಸಿಗದ ನಾಲ್ಕು ಹಾಳೆ ನನ್ನ ಬಳಿ ಯಾವಾಗಲೂ ಇರುತ್ತವೆ, ಒಂದನ್ನು ಯಂತ್ರಕ್ಕೆ ಹಾಕಿ ಟೈಪ್ ಮಾಡಿಕೊಟ್ಟೆ. ಅವನು ಮೂಲೆಯ ಬಕೆಟ್ಟನ್ನು ಹೊರಗೆ ತಂದು ಹಿಂದೆ ಒಲೆ ಹಚ್ಚಿದ. ಹತ್ತು ವರ್ಷದ ಮೇಲೆ ಆ ಹಿಟ್ಟಿನ ವಾಸನೆ ಕಚೇರಿಗೆ ಬಂತು. ಅವಧಿ ಮುಗಿದ ನೋಟಿಸನ್ನು ಅಂಟಿಸಿ ಏನಾಗಬೇಕು ಎಂದು ನನಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಕೈಗೆ ತಿಳಿದ ಕೆಲಸ ಅದೊಂದೇ, ಅಕ್ಕನ ಮೇಜಿನ ಹಿಂದಿನ ಗೋಡೆಗೆ ಹೋಗಿ ಅದನ್ನೇ ಮಾಡಿದ.

ಊಟದ ಹೊತ್ತಿಗೆ ಸುದ್ದಿ ಹೆಡ್‌ಕ್ಲಾರ್ಕಿಗೆ ಮುಟ್ಟಿತು. ಅವರು ಡಬ್ಬಿಯ ಮುಚ್ಚಳವನ್ನೂ ಹಾಕದೆ ಎದ್ದು ಬಂದರು.

"ತಲೆ ಕೆಟ್ಟಿದೆಯೇನೋ ನಿನಗೆ? ಇವತ್ತು ಅಂಟಿಸಿದ್ರೆ ಅವತ್ತು ಅಂಟಿಸಿರಲಿಲ್ಲ ಅಂತ ನಾವೇ ಬರೆದುಕೊಟ್ಟ ಹಾಗಲ್ವಾ? ಫೈಲಲ್ಲಿ ಸಹಿ ಯಾರದು? ನಂದಲ್ಲ, ನಿಂದು. ಸುಳ್ಳು ಸಹಿ ಅಂತಾದ್ರೆ ಮನೆಗೆ ಕಳಿಸ್ತಾರೆ. ಪಿಂಚಣಿಯೂ ಇಲ್ಲ, ಏನೂ ಇಲ್ಲ. ಹೋಗು, ಕಿತ್ತು ಬಾ. ಈಗಲೇ."

ನಾನು ಅವನ ಜೊತೆ ಹೋದೆ. ಒಬ್ಬನನ್ನೇ ಕಳಿಸಲು ಮನಸ್ಸಾಗಲಿಲ್ಲ. ಅಕ್ಕ ಮೇಜಿನ ಹಿಂದೆ ನಿಂತಿದ್ದಳು. ಬೀದಿಯ ಏಳೆಂಟು ಜನ ಗೋಡೆಯ ಮುಂದೆ ಗುಂಪುಗೂಡಿ, ಪಾದಚಾರಿ ರಚನೆ ಎಂಬುದನ್ನು ಬಿಡಿಸಿ ಬಿಡಿಸಿ ಓದುತ್ತಿದ್ದರು. ಅಂಟಣ್ಣ ಅವರ ನಡುವೆ ದಾರಿ ಮಾಡಿಕೊಂಡು ಹೋಗಿ ಹಾಳೆಯ ಮೂಲೆಗೆ ಉಗುರು ಹಾಕಿದ. ಅಂಟು ಇನ್ನೂ ಪೂರ್ತಿ ಒಣಗಿರಲಿಲ್ಲ, ಆದರೂ ಅವನ ಅಂಟಲ್ಲವೇ, ಬಿಡಲೊಲ್ಲದು. ತುಂಡು ತುಂಡಾಗಿ ಕೆರೆದು ತೆಗೆಯಬೇಕಾಯಿತು.

"ಯಾಕೋ ಕೀಳ್ತಿದ್ದೀಯಾ? ಬೆಳಿಗ್ಗೆ ತಾನೆ ನೀನೇ ಹಚ್ಚಿದ್ಯಲ್ಲ" ಎಂದಳು ಅಕ್ಕ.

"ತಪ್ಪಾಗಿದೆ ಅಕ್ಕಾ. ಬೇರೆ ಬರುತ್ತೆ."

"ಸೋಮವಾರ ಹನ್ನೊಂದು ಗಂಟೆಗೆ ವಿಚಾರಣೆ ಅಂತ ಇತ್ತು ಅದರಲ್ಲಿ. ಅದೂ ತಪ್ಪಾ?"

ಅವನು ತಿರುಗಿ ನೋಡಲಿಲ್ಲ. ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಅವನ ಬೆನ್ನನ್ನೇ ನೋಡುತ್ತಿದ್ದಳು. ಅವಳಿಗೆ ಎಷ್ಟು ಅರ್ಥವಾಯಿತೋ ನಾನು ಹೇಳಲಾರೆ.

ಸೋಮವಾರದವರೆಗೆ ಅಂಟಣ್ಣ ಕಚೇರಿಯಲ್ಲಿ ಇದ್ದೂ ಇಲ್ಲದ ಹಾಗೆ ಇದ್ದ. ಕೊಟ್ಟ ಟೀ ತಣ್ಣಗಾಗುತ್ತಿತ್ತು. ಶುಕ್ರವಾರ ಒಮ್ಮೆ ನನ್ನ ಪಕ್ಕ ಕೂತು, "ಹೆಂಡತಿಗೆ ಹೇಳಿದೆ ತಂಗೀ" ಎಂದ. ಏನಂದಳು ಎಂದು ಕೇಳಿದೆ. "ಏಳು ತಿಂಗಳು ಬಾಯಿ ಮುಚ್ಕೊಂಡಿರು, ಅಕ್ಕನ್ನ ನಾವೇ ನೋಡ್ಕೊಳ್ಳೋಣ, ನಮ್ಮ ಮನೆಗೇ ಕರ್ಕೊಂಡು ಬಾ ಅಂದಳು" ಎಂದ. ಅವಳು ಹೇಳಿದ್ದು ಸರಿಯಾಗಿಯೇ ಇದೆ ಎಂದೆ. ಅವನು ತಲೆಯಾಡಿಸಿದ. "ಅಕ್ಕ ಬರಲ್ಲ. ಅವಳಿಗೆ ಆ ಮೇಜು ಬಿಟ್ರೆ ನಿಲ್ಲೋಕೇ ಬರಲ್ಲ" ಎಂದ. ನಾನು ಟೈಪ್ ಮಾಡಲು ಶುರುಮಾಡಿದೆ. ಆಗ ಯಂತ್ರದಲ್ಲಿ ಕಾಗದವೇ ಇರಲಿಲ್ಲ.

ಸೋಮವಾರ ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ತಲೆಯಲ್ಲಿ ಹಿರಿಯ ಅಧಿಕಾರಿ, ಪಕ್ಕದಲ್ಲಿ ಹೆಡ್‌ಕ್ಲಾರ್ಕ್, ತುದಿಯಲ್ಲಿ ನಡಾವಳಿ ಬರೆದುಕೊಳ್ಳಲು ನಾನು. ನೀರಿನ ಜಗ್ಗು ಹಿಡಿದು ಬಾಗಿಲ ಬಳಿ ಅಂಟಣ್ಣ. ಅಧಿಕಾರಿ ನಮ್ಮ ಕಚೇರಿಗೆ ಹೊಸಬರು, ಯಾರು ಯಾರಿಗೆ ಏನಾಗಬೇಕು ಎಂದು ಅವರಿಗೆ ತಿಳಿಯದು. ಹತ್ತು ನಿಮಿಷದಲ್ಲಿ ಮುಗಿಸಿ ಇನ್ನೊಂದು ಸಭೆಗೆ ಹೋಗುವವರಿದ್ದರು. ಆದರೆ ಬಾಗಿಲಲ್ಲಿ ಆರು ಜನ ನಿಂತಿದ್ದರು, ಮುಂದೆ ಅಕ್ಕ. ತಮ್ಮನನ್ನು ದಾಟಿಕೊಂಡೇ ಒಳಗೆ ಬಂದಳು, ಅವನ ಕಡೆ ನೋಡಲಿಲ್ಲ.

"ಅವಧಿ ಮುಗಿದ ಮೇಲೆ ಬಂದಿದ್ದೀರಲ್ಲಮ್ಮ" ಎಂದರು ಅಧಿಕಾರಿ. ಒರಟು ದನಿಯೇನಲ್ಲ.

"ಅವಧಿ ಇದೆ ಅಂತ ಗೊತ್ತಾಗಿದ್ದೇ ಬುಧವಾರ ಸಾರ್. ಬೆಳಿಗ್ಗೆ ಕಾಗದ ಹಚ್ಚಿದ್ರು, ಮಧ್ಯಾಹ್ನ ಕಿತ್ರು. ಅದಕ್ಕೆ ಮುಂಚೆ ಏನೂ ಇರಲಿಲ್ಲ. ಆ ಗೋಡೆ ಮುಂದೆ ನಾನು ದಿನಾ ಒಂಬತ್ತು ಗಂಟೆ ನಿಂತಿರ್ತೀನಿ."

ಅಧಿಕಾರಿ ಫೈಲು ಬಿಡಿಸಿ ನಾಲ್ಕನೆಯ ಫೋಟೋವನ್ನು ಅವಳ ಕಡೆ ತಿರುಗಿಸಿದರು. "ಇದು ನಿಮ್ಮ ಮೇಜೇ ಅಲ್ವಾ? ಹಿಂದೆ ಇರೋದು ನೋಟಿಸು. ತಾರೀಖು ನೋಡಿ. ಅಂಟಿಸಿದವನು ಸಹಿ ಹಾಕಿದ್ದಾನೆ. ಅಲ್ಲಿ ಇರಲೇ ಇಲ್ಲ ಅಂತ ನೀವು ಹೇಳೋದಾದ್ರೆ ಇವನು ಸುಳ್ಳು ಸಹಿ ಮಾಡಿದ್ದಾನೆ ಅಂತಾಯ್ತು. ನಾನು ಅವನ ಮೇಲೆ ಕ್ರಮ ತಗೋಬೇಕಾಗುತ್ತೆ, ಕೆಲಸ ಹೋಗುತ್ತೆ ಅವನದು. ಯೋಚನೆ ಮಾಡಿ ಹೇಳಿ."

ಅಕ್ಕ ಬಗ್ಗಿ ನೋಡಿದಳು. ಅವಳ ಬೆರಳು ಸಹಿಯ ಮೇಲೆ ಬಂತು. ಮೇಲಕ್ಕೆಳೆದು ಸುತ್ತಿಸಿ ಬಿಟ್ಟ ಬಾಲದ ಮೇಲೆ ಒಂದು ಸಲ ಓಡಿತು. ಬಾಗಿಲ ಬಳಿ ಜಗ್ಗಿನೊಳಗೆ ನೀರು ಅಲುಗುವ ಸದ್ದು ನನಗೆ ಕೇಳಿಸುತ್ತಿತ್ತು. ಹೇಳಬೇಡ ಎಂದು ಒಂದು ಮನಸ್ಸು, ಹೇಳು ಎಂದು ಇನ್ನೊಂದು. ಯಾರ ಪರ ಬೇಡಿಕೊಳ್ಳಬೇಕು ಎಂದೇ ತಿಳಿಯದೆ ಕೂತಿದ್ದೆ.

ಅವಳು ನೆಟ್ಟಗಾದಳು. "ಇದ್ದಿರಬಹುದು ಸಾರ್" ಎಂದಳು. "ವಯಸ್ಸಾಯ್ತು. ಕಣ್ಣು ಸರಿಯಾಗಿ ಕಾಣಲ್ಲ ನನಗೆ. ಇಲ್ಲಾಂದ್ರೆ ಹಚ್ಚಿದ್ದು ಕಾಣದೇ ಇರುತ್ತಾ? ನಂದೇ ತಪ್ಪು."

ಹಿಂದೆ ನಿಂತಿದ್ದ ಐದು ಜನ ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡಿದರು. ಹೆಡ್‌ಕ್ಲಾರ್ಕ್ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ಅಧಿಕಾರಿ ನನ್ನ ಕಡೆ ತಿರುಗಿ, "ಬರೆದುಕೊಳ್ಳಿ. ನೋಟಿಸು ಗೋಡೆಯ ಮೇಲೆ ಇತ್ತೆಂದು ಹಾಜರಿದ್ದವರು ಒಪ್ಪಿದ್ದಾರೆ" ಎಂದರು. ನಾನು ಪೆನ್ನು ಎತ್ತಿದೆ. ಪೆನ್ನು ಮುಂದಕ್ಕೆ ಹೋಗಲಿಲ್ಲ.

ಜಗ್ಗನ್ನು ನೆಲಕ್ಕೆ ಇಟ್ಟ ಸದ್ದಾಯಿತು. ಅಂಟಣ್ಣ ಮೇಜಿನ ಬಳಿ ಬಂದು, ಅಪ್ಪಣೆ ಕೇಳದೆ, ಫೈಲಿನ ದಾರವನ್ನು ಬಿಚ್ಚಿದ. ನಾನೇ ಹೊಲಿದ ದಾರ. ಹನ್ನೊಂದು ಫೋಟೋಗಳನ್ನು ಒಂದರ ಪಕ್ಕ ಒಂದು ಸಾಲಾಗಿ ಮೇಜಿನ ಮೇಲೆ ಜೋಡಿಸಿದ. ಅಂಚಿಗೆ ಅಂಚು ಸರಿಯಾಗಿ ಕೂತಿತು.

"ಮಡಿಕೆ ನೋಡಿ ಸಾರ್" ಎಂದ. "ಎಲ್ಲದರಲ್ಲೂ ಒಂದೇ ಮಡಿಕೆ. ಈ ಮೂಲೆ ನೋಡಿ. ಮೂರನೇದರಲ್ಲಿ ಇಷ್ಟು ಹರಿದಿದೆ. ಐದನೇದರಲ್ಲಿ ಇಷ್ಟು. ಒಂಬತ್ತನೇದರಲ್ಲಿ ಇಷ್ಟು. ಹಾಳೆ ಒಂದೇ ಸಾರ್. ಹಚ್ಚಿದ್ದು ನಾನು, ಕಿತ್ತಿದ್ದೂ ನಾನು. ನಮ್ಮ ಕಚೇರಿ ಗೋಡೆ ಬಿಟ್ರೆ ಯಾವ ಗೋಡೆ ಮೇಲೂ ಎರಡು ನಿಮಿಷಕ್ಕಿಂತ ಜಾಸ್ತಿ ಇರಲಿಲ್ಲ. ಇವಳು ನಮ್ಮಕ್ಕ. ಇವಳ ಕಣ್ಣಿಗೆ ಏನೂ ಆಗಿಲ್ಲ."

ಅಧಿಕಾರಿ ಫೋಟೋಗಳ ಮೇಲೆ ಬಗ್ಗಿ ಎಡದಿಂದ ಬಲಕ್ಕೆ, ಮತ್ತೆ ಬಲದಿಂದ ಎಡಕ್ಕೆ ನೋಡಿದರು. ಕೊನೆಗೆ ಹೆಡ್‌ಕ್ಲಾರ್ಕಿನ ಕಡೆ ತಿರುಗಿ, "ಎಷ್ಟು ವರ್ಷದಿಂದ ಹೀಗೆ?" ಎಂದರು. ಅವರು ನೆಲ ನೋಡಿದರು. ಹತ್ತು ವರ್ಷದಲ್ಲಿ ಊರಿನಲ್ಲಿ ಏನೇನು ಎದ್ದಿತ್ತು, ಏನೇನು ಬಿದ್ದಿತ್ತು, ಯಾವುದನ್ನೂ ಯಾರನ್ನೂ ಕೇಳಿರಲಿಲ್ಲ ಎನ್ನುವುದು ಆ ಕೋಣೆಯಲ್ಲಿ ಎಲ್ಲರಿಗೂ ಒಟ್ಟಿಗೆ ಹೊಳೆದಿರಬೇಕು. ಅಧಿಕಾರಿ ದನಿ ತಗ್ಗಿಸಿ ನನಗೆ, "ಇದನ್ನ ಈಗಲೇ ನಡಾವಳಿಗೆ ಹಾಕಬೇಡಿ. ಒಂದು ದಿನ ತಡೀರಿ, ನೋಡೋಣ" ಎಂದರು.

"ಬರೆದಾಯ್ತು ಸಾರ್" ಎಂದೆ ನಾನು. ನಿಜವಾಗಿಯೂ ಬರೆದಾಗಿತ್ತು. ಅವನು ಮಡಿಕೆ ನೋಡಿ ಎಂದಾಗಲೇ ಪೆನ್ನು ತಾನಾಗಿ ಓಡಲು ಶುರುಮಾಡಿತ್ತು. ಆ ಆರು ಜನರ ಮುಂದೆ ಪುಟ ಹರಿಯುವಂತಿರಲಿಲ್ಲ.

ಹೊರಗೆ ಮೆಟ್ಟಿಲ ಬಳಿ ಅಕ್ಕ ತಮ್ಮನ ತೋಳು ಹಿಡಿದು ನಿಲ್ಲಿಸಿದಳು. ಕಣ್ಣು ಕೆಂಪಾಗಿತ್ತು. "ನಿನ್ನನ್ನ ಯಾರು ಕೇಳಿದ್ರು? ನಾನು ಒಪ್ಕೊಂಡಾಗಿತ್ತಲ್ಲ. ಏಳು ತಿಂಗಳು ಬಾಯಿ ಮುಚ್ಕೊಂಡು ಇರೋಕೆ ನಿನಗೇನಾಗಿತ್ತು?" ಎಂದಳು. "ಸಹಿ ಹಾಕೋದು ಇದಕ್ಕಾ ಕಲಿಸಿದ್ದು ನಾನು?" ಎಂದು ತೋಳು ಬಿಟ್ಟು ಹೊರಟುಹೋದಳು. ಆಮೇಲೆ ಅವನ ಜೊತೆ ಒಂದು ಮಾತೂ ಆಡಿಲ್ಲ.

ಮಾರನೆಯ ದಿನವೇ ಅಂಟಣ್ಣನನ್ನು ಅಮಾನತು ಮಾಡಿದರು. ಅವನ ಮೇಲೆ ವಿಚಾರಣೆ ನಡೆಯುತ್ತಿದೆ. ಹೆಡ್‌ಕ್ಲಾರ್ಕಿಗೂ, ಫೋಟೋ ಹೊಲಿದ ನನಗೂ ವಿವರಣೆ ಕೇಳಿ ಕಾಗದ ಬಂದಿದೆ. ನಾನು ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟಿದ್ದೇನೆ, ಮುಂದೇನಾಗುತ್ತದೋ ಗೊತ್ತಿಲ್ಲ. ಆದರೆ ಸೇತುವೆಯ ನೋಟಿಸನ್ನು ಮೊದಲಿಂದ ಹೊರಡಿಸಲೇಬೇಕಾಯಿತು. ಈ ಸಲ ನಾನೇ ಕೂತು, "ಕಾಲುವೆಯ ಮೇಲಿನ ಹಳೆಯ ಸೇತುವೆಯನ್ನು ಕೆಡವಬೇಕೆಂದಿದ್ದೇವೆ. ಬೇಡ ಎನ್ನುವವರು ಬರೆದುಕೊಡಿ" ಎಂದು ಟೈಪ್ ಮಾಡಿ ಸಹಿಗೆ ಇಟ್ಟೆ. ಅಧಿಕಾರಿ ಒಮ್ಮೆ ಓದಿ, ನನ್ನ ಮುಖ ನೋಡಿ, ಸಹಿ ಹಾಕಿದರು. ಬೀಗದ ಸಾಹೇಬ್ರು ಬೀರು ತೆಗೆದು ಹನ್ನೊಂದು ಹಾಳೆ ಎಣಿಸಿ ಕೊಟ್ಟರು. ಅಂಟಿಸಿದವಳು ತೋಟದ ವಿಭಾಗದಿಂದ ಎರವಲು ಬಂದ ಒಬ್ಬ ಹೆಂಗಸು. ಅವಳ ಹಾಳೆಗಳ ತುಂಬ ಗುಳ್ಳೆ.

ಈ ಇಪ್ಪತ್ತು ದಿನವೂ ಅಂಟಣ್ಣ ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ನಾಲ್ಕನೆಯ ಗೋಡೆಯ ಎದುರು ಬದಿಯಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತಿದ್ದಾನೆ. ನಾನು ಹೋಗುತ್ತಾ ಬರುತ್ತಾ ನೋಡುತ್ತೇನೆ. ಗಾಳಿಗೆ ಮೂಲೆ ಎದ್ದರೆ ಹೋಗಿ ಅಂಗೈಯಿಂದ ಒತ್ತಿ ಬರುತ್ತಾನೆ. ಓದು ಬಾರದವರು ಬಂದರೆ ಓದಿ ಹೇಳುತ್ತಾನೆ. ಬೀದಿಯ ಈ ಬದಿ ಅಕ್ಕ, ಆ ಬದಿ ತಮ್ಮ, ನಡುವೆ ಹದಿನೈದು ಅಡಿ. ಅವಳು ಇಸ್ತ್ರಿ ಮಾಡುತ್ತಾಳೆ, ಅವನು ಗೋಡೆ ಕಾಯುತ್ತಾನೆ. ಕಿಟಕಿಗೆ ಬರುವವರು ಬಂದು ಬರೆದುಕೊಟ್ಟು ಹೋಗುತ್ತಿದ್ದಾರೆ. ಇಲ್ಲಿಯವರೆಗೆ ನೂರ ಎಂಟಾಗಿದೆ. ಅಷ್ಟು ಬಂದರೂ ಸೇತುವೆ ಉಳಿಯುತ್ತದೆ ಎಂದೇನಿಲ್ಲ. ಕೇಳಬೇಕು ಎಂದಷ್ಟೇ ನಿಯಮ, ಕೇಳಿದ್ದನ್ನು ಒಪ್ಪಬೇಕು ಎಂದು ಎಲ್ಲೂ ಬರೆದಿಲ್ಲ. ನೂರ ಎಂಟರಲ್ಲಿ ಅಕ್ಕನದು ಇಲ್ಲ. ಸೇತುವೆ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವಳದೇ ಇಲ್ಲ. ತಮ್ಮನ ಅನ್ನ ಕಿತ್ತುಕೊಂಡ ಸೇತುವೆ ನನಗೆ ಬೇಡ ಎಂದಳಂತೆ.

ನಾಲ್ಕೂ ಐವತ್ತು. ಇನ್ನೂ ಬಂದಿಲ್ಲ.

ಅಕ್ಕ ಈಗ ಬಂದು ಹೋದಳು. ದೊಡ್ಡ ರಸ್ತೆಯಿಂದ ಕಚೇರಿಯ ಮೆಟ್ಟಿಲವರೆಗೆ ಗಾಡಿಯನ್ನು ಊರುಗೋಲಿನ ಹಾಗೆ ಹಿಡಿದು ತಳ್ಳಿಕೊಂಡೇ ಬಂದಿದ್ದಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಹಾಳೆಯನ್ನು ಕಿಟಕಿಯೊಳಗೆ ತಳ್ಳಿದಳು. ಇಸ್ತ್ರಿ ಮಾಡಿದ್ದಳೋ ಏನೋ, ಒಂದು ಮಡಿಕೆಯೂ ಇರಲಿಲ್ಲ. ಅವಳದೇ ಕೈಬರಹ. ಹೀಗಿತ್ತು:

"ನಗರಸಭೆಯವರಿಗೆ. ನನ್ನ ಕಣ್ಣು ಚೆನ್ನಾಗಿ ಕಾಣುತ್ತದೆ. ಮೊದಲ ಸಲ ನನ್ನ ಗೋಡೆಯ ಮೇಲೆ ಕಾಗದ ಇರಲಿಲ್ಲ. ಇತ್ತು ಎಂದು ನಾನು ಹೇಳಿದ್ದು ಸುಳ್ಳು, ನನ್ನ ತಮ್ಮನನ್ನು ಉಳಿಸಲು ಹೇಳಿದೆ. ಅವನು ನಿಮ್ಮೆದುರು ನಿಜ ಹೇಳಿದ್ದಾನೆ. ಅವನು ಹೇಳಿದ ಮೇಲೆ ನಾನು ಸುಮ್ಮನಿದ್ದರೆ ಅವನು ಹೇಳಿದ್ದು ದಂಡವಾಗುತ್ತದೆ. ಸೇತುವೆ ಕೆಡವಬೇಡಿ, ನನಗೆ ಅದು ಬೇಕು. ಅವನನ್ನೂ ಕೆಲಸದಿಂದ ತೆಗೆಯಬೇಡಿ. ಇವು ಎರಡು ಅರ್ಜಿ ಎಂದರೆ ಇನ್ನೊಂದು ಹಾಳೆ ಕೊಡಿ, ಬೇರೆ ಬರೆದುಕೊಡುತ್ತೇನೆ."

ಕೆಳಗೆ ಸಹಿ. ಕೊನೆಯ ಅಕ್ಷರದ ಬಾಲ ಮೇಲಕ್ಕೆದ್ದು ಒಂದು ಸುತ್ತು ಸುತ್ತಿತ್ತು. ನಾನು ಮೊಹರು ಒತ್ತಿ ನೂರ ಒಂಬತ್ತು ಎಂದು ಬರೆದೆ. ಆಮೇಲೆ ನನ್ನ ನಾಲ್ಕು ಹಾಳೆಗಳಲ್ಲಿ ಉಳಿದಿದ್ದ ಒಂದನ್ನು ತೆಗೆದು ಪೆನ್ನಿನ ಜೊತೆ ಕಿಟಕಿಯಿಂದ ಹೊರಗೆ ಕೊಟ್ಟೆ. ಅವಳು ಅಲ್ಲೇ ಗಾಡಿಯ ಮೇಲೆ ಹಾಳೆ ಹಾಸಿಕೊಂಡು ಬರೆದಳು. ಐದಕ್ಕೆ ಎರಡು ನಿಮಿಷ ಇತ್ತು.